ಮುಖವಿಲ್ಲದ ನಟನ ಮರುಬಿಡುಗಡೆ

ಇನ್ನು ಈ ಜನ್ಮದಲ್ಲಿ ಆ ಸಿನಿಮಾ ನೋಡುವುದಿಲ್ಲ ಎಂದು ಮೊದಲ ಕುರ್ಚಿಯವರು ಘೋಷಿಸಿದ್ದು ಒಬ್ಬ ಗಿರಾಕಿಯ ಅರ್ಧ ಗಡ್ಡ ತೆಗೆದಿರುವಾಗ. ಅದೇನು ಸಾಮಾನ್ಯ ಘೋಷಣೆಯೇ! ಕತ್ತಿಯನ್ನು ಎತ್ತಿ ಹಿಡಿದು, ಕನ್ನಡಿಯಲ್ಲಿ ತಮ್ಮನ್ನೇ ದಿಟ್ಟಿಸಿಕೊಂಡು, ಸಿಂಹಾಸನ ಬಿಟ್ಟು ಕಾಡಿಗೆ ಹೊರಟ ರಾಜನ ಗತ್ತಿನಲ್ಲಿ ಮಾಡಿದ ಘೋಷಣೆ. ಎತ್ತಿದ ಕತ್ತಿ ಮತ್ತೆ ಎಲ್ಲಿಗೆ ಇಳಿಯುತ್ತದೋ ಎಂಬ ದಿಗಿಲಿನಲ್ಲಿದ್ದ ಗಿರಾಕಿ, ಬಹಳ ಒಳ್ಳೆಯ ತೀರ್ಮಾನ ಎಂದು ತುಟಿ ಅಲುಗಿಸದೆ ಒಪ್ಪಿಕೊಂಡ.

ಅದು ಎರಡು ಕುರ್ಚಿಯ ಕ್ಷೌರದ ಅಂಗಡಿ. ಬಾಗಿಲ ಪಕ್ಕದ್ದು ಯಜಮಾನರದು, ಹಾಗಾಗಿ ಬೀದಿಯವರ ಬಾಯಲ್ಲಿ ಅವರು ಮೊದಲ ಕುರ್ಚಿ. ಒಳಗಡೆಯದು ಅವರ ಹೆಂಡತಿಯ ಅಣ್ಣನದು, ಅವರು ಎರಡನೇ ಕುರ್ಚಿ. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು. ಹೋಲಿಕೆ ಅಲ್ಲಿಗೆ ಮುಗಿಯಿತು. ಮೊದಲ ಕುರ್ಚಿಯಲ್ಲಿ ಕೂತರೆ ಕಟಿಂಗಿನ ಜೊತೆ ಕಥೆಯೂ ಸಿಗುತ್ತಿತ್ತು. ಎರಡನೆಯದರಲ್ಲಿ ಕಟಿಂಗ್ ಮಾತ್ರ. ಅವಸರವಿದ್ದವರು ಒಳಗಡೆ ಹೋಗುತ್ತಿದ್ದರು, ಮನೆಗೆ ಹೋಗಲು ಮನಸ್ಸಿಲ್ಲದವರು ಬಾಗಿಲಲ್ಲೇ ಕೂರುತ್ತಿದ್ದರು.

ಮೊದಲ ಕುರ್ಚಿಯವರ ಕಥೆಗಳು ಹಲವು. ಓಡುತ್ತಿದ್ದ ರೈಲಿನಲ್ಲಿ ಕಳ್ಳನನ್ನು ಹಿಡಿದದ್ದು, ಕುಸ್ತಿಪಟುವಿನ ಮೀಸೆಯನ್ನು ಅವನು ನಿದ್ದೆಯಲ್ಲಿದ್ದಾಗಲೇ ತೀಡಿದ್ದು, ಇನ್ನೂ ಏನೇನೋ. ಆದರೆ ಎಲ್ಲಕ್ಕೂ ಅಡಿಪಾಯ ಒಂದೇ, ಅವರು ಸಿನಿಮಾದಲ್ಲಿ ಇದ್ದಾರೆ ಎಂಬುದು. ಅವರಿಗೆ ಮದುವೆಯಾದ ಹೊಸದರಲ್ಲಿ ಊರಿನ ರೈಲು ನಿಲ್ದಾಣಕ್ಕೆ ಸಿನಿಮಾದವರು ಬಂದಿದ್ದರು. ನಾಯಕ ರೈಲು ಹತ್ತುತ್ತಾನೆ, ನಾಯಕಿ ಪ್ಲಾಟ್‌ಫಾರ್ಮಿನಲ್ಲಿ ನಿಂತು ಅಳುತ್ತಾಳೆ, ಹಿಂದುಗಡೆ ಟೀ ಅಂಗಡಿಯ ಮುಂದೆ ಒಬ್ಬ ಗಂಡಸು ಬೆನ್ನು ತೋರಿಸಿ ನಿಂತಿರುತ್ತಾನೆ. ಆ ಬೆನ್ನೇ ನಮ್ಮ ಮೊದಲ ಕುರ್ಚಿಯವರು. ಏನೇ ಆಗಲಿ ತಿರುಗಬೇಡ ಎಂದು ನಿರ್ದೇಶಕರು ಹೇಳಿದ್ದರಂತೆ. ಇವರು ತಿರುಗಲಿಲ್ಲವಂತೆ.

"ತಿರುಗೋದು ಯಾರಿಗೂ ಬರುತ್ತೆ," ಎಂದು ಅವರು ಗಿರಾಕಿಗಳಿಗೆ ನಟನೆಯ ಮರ್ಮ ಬಿಡಿಸಿ ಹೇಳುತ್ತಿದ್ದರು. "ಹಿಂದೆ ಒಂದು ಹೆಣ್ಣು ಬಿಕ್ಕಿ ಬಿಕ್ಕಿ ಅಳ್ತಿದ್ರೆ ಮನುಷ್ಯ ಅನ್ನೋನು ತಿರುಗಿ ನೋಡದೆ ಇರ್ತಾನಾ? ನಾನು ಇದ್ದೆ. ಅದು ಅಭಿನಯ."

ಸಿನಿಮಾ ಓಡಿತು, ಮುಗಿಯಿತು. ಮುಗಿಯಿತು ಎಂದು ಎಲ್ಲರೂ ತಿಳಿದುಕೊಂಡಿದ್ದರು. ಆದರೆ ಸಿನಿಮಾದವರು ಅದನ್ನು ಮಲಗಲು ಬಿಟ್ಟರೆ ತಾನೇ? ಕಪ್ಪು ಬಿಳುಪಾಗಿದ್ದದ್ದಕ್ಕೆ ಬಣ್ಣ ಬಳಿದು ಒಮ್ಮೆ ಬಿಟ್ಟರು. ಹೊಸ ಸದ್ದು ಸೇರಿಸಿ ಇನ್ನೊಮ್ಮೆ ಬಿಟ್ಟರು. ಪರದೆ ಹಿಗ್ಗಿತು ಎಂದು ಬಿಟ್ಟರು. ಕನ್ನಡಕ ಹಾಕಿಕೊಂಡರೆ ರೈಲು ಎದೆಯ ಮೇಲೇ ಬರುತ್ತದೆ ಎಂದು ಮತ್ತೆ ಬಿಟ್ಟರು. ಪ್ರತಿ ಸಲವೂ ಮೊದಲ ಕುರ್ಚಿಯವರು ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಹೋಗುತ್ತಿದ್ದರು. ಹೆಂಡತಿಯಂತೂ ಈ ವಿದ್ಯೆಯಲ್ಲಿ ಪಳಗಿ ಹೋಗಿದ್ದರು. ದೀಪ ಆರಿದೊಡನೆ ನಿದ್ದೆ ಹೋಗಿ, ರೈಲಿನ ಸಿಳ್ಳೆ ಕೇಳಿದಾಗ ಎದ್ದು, ಗಂಡನ ಮೊಣಕೈ ತಿವಿತಕ್ಕೆ ಮುಂಚೆಯೇ "ನೋಡ್ದೆ" ಎಂದು ಹೇಳಿ ಮತ್ತೆ ಮಲಗುತ್ತಿದ್ದರು.

"ಹೆತ್ತ ಮಗನ ಮುಖಾನೂ ನಾನು ಇಷ್ಟು ಸಲ ನೋಡಿಲ್ಲ," ಎಂದು ಆಕೆ ಒಮ್ಮೆ ಅಂದದ್ದುಂಟು, "ನಿಮ್ಮ ಬೆನ್ನು ನೋಡಿದಷ್ಟು." ಮಗ ಊರೂರು ಲಾರಿ ಓಡಿಸುವವನಾದ್ದರಿಂದ ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಕೊನೆಯ ಸಲದ್ದು ಮಾತ್ರ ಮಿತಿ ಮೀರಿತು. ಈ ಬಾರಿ ಥಿಯೇಟರಿನ ಕುರ್ಚಿಗಳೇ ಕುಣಿಯುತ್ತವೆ ಎಂದಿದ್ದರು. ಕುಣಿದವು. ರೈಲು ಹೊರಟಾಗ ಮೊದಲ ಕುರ್ಚಿಯವರ ಸೊಂಟ ಒಂದು ಕಡೆ, ಅವರು ಒಂದು ಕಡೆ. ಅಷ್ಟು ಸಾಲದೆಂಬಂತೆ, ನಾಯಕಿ ಅತ್ತಾಗ ಮೇಲಿನಿಂದ ನೀರು ಸಿಂಪಡಿಸಿದರು. ನೀರು ಒರೆಸಿಕೊಂಡು ಕಣ್ಣು ಬಿಡುವಷ್ಟರಲ್ಲಿ ಟೀ ಅಂಗಡಿಯೂ ಹೋಗಿತ್ತು, ಬೆನ್ನೂ ಹೋಗಿತ್ತು! ಸೊಂಟ ಹಿಡಿದುಕೊಂಡು, ಸೀನುತ್ತಾ ಮನೆಗೆ ಬಂದವರು ಮರುದಿನವೇ ಆ ಪ್ರತಿಜ್ಞೆ ಮಾಡಿದ್ದು. ಅವಳ ಕಣ್ಣೀರನ್ನು ನನ್ನ ತಲೆ ಮೇಲೆ ಸುರಿಯಲು ಇವರಿಗೆ ಅಧಿಕಾರ ಕೊಟ್ಟವರು ಯಾರು ಎಂಬುದು ಅವರ ಪ್ರಶ್ನೆಯಾಗಿತ್ತು.

ಸಿನಿಮಾದ ಮೇಲಿನ ಸಿಟ್ಟು ಮನೆಯ ಟಿವಿಗೂ ಹರಡಿತು. ಅಂಗಡಿಯ ಮೇಲಿನ ಅಂತಸ್ತೇ ಅವರ ಮನೆ. ಸೊಸೆ ಇಂಥ ಯಂತ್ರಗಳನ್ನೇ ಮಾರುವ ಮಳಿಗೆಯಲ್ಲಿ ಕೆಲಸಕ್ಕಿದ್ದಳು. ಮಾರಾಟವಾಗದ್ದು, ಪರೀಕ್ಷೆಗೆ ಬಂದದ್ದು, ಗಿರಾಕಿ ವಾಪಸು ಕೊಟ್ಟದ್ದು ಎಲ್ಲ ಒಂದು ಸುತ್ತು ಈ ಮನೆಗೆ ಬಂದೇ ಹೋಗುತ್ತಿತ್ತು. ಹಳೆಯ ಟಿವಿಯ ಗುಂಡಿ ಒತ್ತಲು ಮಾವ ಕಲಿಯುವಷ್ಟರಲ್ಲಿ ಗುಂಡಿಯೇ ಇಲ್ಲದ ಟಿವಿ ಬಂದಿತ್ತು. ಇನ್ನೂ ನೋಡುತ್ತಿದ್ದೀರಾ ಎಂದು ಅದು ನಡುನಡುವೆ ಕೇಳುತ್ತಿತ್ತು. ನಿನಗೆ ಬೇರೆ ಕೆಲಸ ಇದ್ದರೆ ಹೋಗಮ್ಮಾ ಎಂದು ಮಾವ ಉತ್ತರ ಕೊಡುತ್ತಿದ್ದರು.

ಪ್ರತಿಜ್ಞೆಯ ಬಿಸಿ ಇನ್ನೂ ಆರಿರಲಿಲ್ಲ, ಸೊಸೆ ಒಂದು ಹೆಡ್‌ಸೆಟ್ ಹಿಡಿದುಕೊಂಡು ಬಂದಳು. ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿಯಂಥದ್ದು. ಅತ್ತೆ ಅದನ್ನು ಕೊನೆಯವರೆಗೂ ಡಬ್ಬಿ ಎಂದೇ ಕರೆದರು. ಅದೇ ಸಿನಿಮಾ ಈಗ ಇದರೊಳಗೆ ಬಿಡುಗಡೆಯಾಗಿದೆ ಎಂದು ಸೊಸೆ ಹೇಳಿದೊಡನೆ ಮಾವ ಮುಖ ತಿರುಗಿಸಿದರು. ಇದನ್ನು ಕಟ್ಟಿಕೊಂಡರೆ ಸಿನಿಮಾದೊಳಗೇ ಓಡಾಡಬಹುದಂತೆ, ನಿಲ್ದಾಣವನ್ನೆಲ್ಲ ಸುತ್ತಿ ಬರಬಹುದಂತೆ, ಬೆನ್ನು ತೋರಿಸಿ ನಿಂತವರ ಎದುರಿಗೆ ಹೋಗಿ ಮುಖವನ್ನೂ ನೋಡಬಹುದಂತೆ ಎಂದಳು. ತಿರುಗಿದ್ದ ಮುಖ ಮೆಲ್ಲಗೆ ಹಿಂದಕ್ಕೆ ಬಂತು.

"ಮುಖ ಕಾಣುತ್ತಾ?"

"ಕಾಣುತ್ತೆ ಮಾವ. ಆದ್ರೆ ಕ್ಯಾಮೆರಾ ನೋಡದೆ ಇದ್ದದ್ದನ್ನ ಕಂಪ್ಯೂಟರ್ ತಾನೇ ಊಹೆ ಮಾಡಿ..."

ಆ 'ಆದ್ರೆ' ಎಂಬುದರ ಆಚೆಗೆ ಮಾವ ಒಂದಕ್ಷರವನ್ನೂ ಕೇಳಿಸಿಕೊಳ್ಳಲಿಲ್ಲ. ಪ್ರತಿಜ್ಞೆ ಏನಾಯಿತು ಎಂದು ಹೆಂಡತಿ ನೆನಪಿಸಿದ್ದಕ್ಕೆ, ನೋಡುವುದಿಲ್ಲ ಎಂದಿದ್ದೆನೇ ಹೊರತು ಹೋಗುವುದಿಲ್ಲ ಎಂದಿರಲಿಲ್ಲ ಎಂದು ವಕೀಲರಂತೆ ವಾದಿಸಿದರು.

ರಜೆಯ ದಿನದ ಮಧ್ಯಾಹ್ನ ಬೀದಿಗೆ ಬೀದಿಯೇ ಮನೆಗೆ ಬರಬೇಕೆಂದು ಆಹ್ವಾನ ಹೋಯಿತು. ಗಿರಾಕಿಗಳ ತಲೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕರೆದದ್ದರಿಂದ ಯಾರೂ ಇಲ್ಲವೆನ್ನಲಾಗಲಿಲ್ಲ. ಈ ಮುಖವನ್ನು ಕಣ್ತುಂಬ ನೋಡಬಹುದು ಎಂದರೆ, ಅದನ್ನು ದಿನಾ ನೋಡುತ್ತಲೇ ಇದ್ದೇವಲ್ಲ ಎಂದು ಪಕ್ಕದ ಅಂಗಡಿಯ ಟೈಲರ್ ಗೊಣಗಿದ. ಎರಡನೇ ಕುರ್ಚಿಯವರು ಮಾತ್ರ ಹಲ್ಲುನೋವೆಂದು ತಪ್ಪಿಸಿಕೊಂಡರು. ಬಣ್ಣದ ಸಲ ಅವರಿಗೆ ಜ್ವರ ಬಂದಿತ್ತು, ಕನ್ನಡಕದ ಸಲ ಕಾಲು ಉಳುಕಿತ್ತು. ಭಾವನಿಗೆ ಕಲೆಯಲ್ಲಿ ಆಸಕ್ತಿ ಇಲ್ಲ ಎಂದು ಮೊದಲ ಕುರ್ಚಿಯವರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

ಆ ಮಧ್ಯಾಹ್ನ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾವ ಡಬ್ಬಿಯೊಳಗೆ ಕಂಡದ್ದು ಟಿವಿಯಲ್ಲಿ ಎಲ್ಲರಿಗೂ ಕಾಣುವಂತೆ ಸೊಸೆ ಜೋಡಿಸಿಕೊಟ್ಟಳು. ಮೊದಲ ಕುರ್ಚಿಯವರು ಹೆಡ್‌ಸೆಟ್ ಕಟ್ಟಿಕೊಂಡು, ಒಂದು ಹೆಜ್ಜೆ ಇಟ್ಟು, ನೇರ ಆ ಕಾಲದ ರೈಲು ನಿಲ್ದಾಣಕ್ಕೆ ಇಳಿದರು. ಕೂಲಿಯೊಬ್ಬನಿಗೆ ಸ್ವಲ್ಪ ದಾರಿ ಬಿಡಪ್ಪಾ ಎಂದರು. ಅದು ಫ್ರಿಜ್ಜು, ಬಿಡಲಿಲ್ಲ. ನಾಯಕಿಯನ್ನು ಸಮಾಧಾನ ಮಾಡಲು ಹೋಗಿ ಬಟ್ಟೆ ಒಣಹಾಕಿದ್ದ ಸ್ಟ್ಯಾಂಡನ್ನು ತಬ್ಬಿಕೊಂಡರು. ಹೆಂಡತಿ ಹೂದಾನಿಯನ್ನು ಎತ್ತಿಟ್ಟುಕೊಂಡರು. ಕೊನೆಗೆ ಟೀ ಅಂಗಡಿ ಸಿಕ್ಕಿತು. ಅಲ್ಲಿ ಆ ಬೆನ್ನು! ಅವರು ಗೌರವದಿಂದ, ತಮ್ಮದೇ ಬೆನ್ನಿಗೆ ತಾವೇ ದಾರಿ ಬಿಟ್ಟುಕೊಂಡು, ಸುತ್ತು ಹಾಕಿ ಎದುರಿಗೆ ಬಂದರು. ಮನೆಯಲ್ಲಿ ಅದು ಕಿಟಕಿಯ ಮೂಲೆ.

ಎಲ್ಲರೂ ಟಿವಿಯ ಕಡೆಗೆ ಬಗ್ಗಿದರು.

ಅಲ್ಲಿದ್ದದ್ದು ಯಾರೋ! ನುಣ್ಣನೆಯ ಗಲ್ಲ, ಬಟ್ಟೆ ಅಂಗಡಿಯ ಗಾಜಿನೊಳಗಿನ ಬೊಂಬೆಯ ನಗು, ಗಡ್ಡ ಮೀಸೆ ಒಂದೂ ಇಲ್ಲ. ಮೊದಲ ಕುರ್ಚಿಯವರು ತಪ್ಪು ಮನುಷ್ಯನೆಂದು ಪಕ್ಕಕ್ಕೆ ನೋಡಿದರು. ಟೀ ಮಾರುವವನಿಗೂ ಅದೇ ಗಲ್ಲ, ಅದೇ ನಗು. ಕೂಲಿಗೂ ಅದೇ. ಬೆಂಚಿನ ಮೇಲೆ ಕೂತಿದ್ದ ಅಜ್ಜಿಗೂ ಅದೇ. ಕ್ಯಾಮೆರಾಕ್ಕೆ ಮುಖ ಕಾಣದವರಿಗೆಲ್ಲ ಕಂಪ್ಯೂಟರು ಒಂದೇ ಮುಖ ಹಂಚಿಬಿಟ್ಟಿತ್ತು.

"ಎಲ್ಲಾ ಒಂದೇ ತಾಯಿ ಮಕ್ಕಳಿದ್ದಂಗಿದೆ," ಎಂದ ಟೈಲರ್. "ನೀವು ಯಾರು ಯಜಮಾನರೇ, ಅಜ್ಜಿನಾ?"

ಮೊದಲ ಕುರ್ಚಿಯವರಿಗೆ ತಲೆ ಕೆಟ್ಟುಹೋಯಿತು. ಯಾರೋ ನೀನು, ನನ್ನ ಜಾಗದಲ್ಲಿ ಯಾಕೆ ನಿಂತೆ ಎಂದು ಆ ಬೊಂಬೆಯ ಕೊರಳಪಟ್ಟಿಗೆ ಕೈ ಹಾಕಿ ಜಗ್ಗಿದರು. ಕೈಗೆ ಸಿಕ್ಕಿದ್ದು ಕಿಟಕಿಯ ಪರದೆ. ಕಂಬಿಯ ಸಮೇತ ಕಳಚಿ ಬಂದ ಪರದೆ ಟೈಲರನ ಮೇಲೆ ಬಿದ್ದು, ಕುತ್ತಿಗೆಯಿಂದ ಕೆಳಗೆ ಸುತ್ತಿಕೊಂಡು, ಅವನು ಕಟಿಂಗಿಗೆ ಕೂತವನಂತೆ ತಲೆಯಷ್ಟೇ ಹೊರಗೆ ಹಾಕಿ ಕೂತ. ಕಂಬಿ ಕಪಾಟಿಗೆ ಬಡಿಯಿತು, ಕಪಾಟಿನ ಮೇಲಿದ್ದ ಪಾತ್ರೆಗಳು ಕೆಳಗಿಳಿದವು. ಬೀದಿಯವರು ನಕ್ಕ ನಗುವಿಗೆ, ಕೆಳಗೆ ಬೀಗ ಹಾಕಿದ್ದ ಅಂಗಡಿಯ ಗಾಜೂ ಅದುರಿರಬೇಕು.

ನಕ್ಕು ಮರೆತಿದ್ದರೆ ಆಗುತ್ತಿತ್ತು. ಮರೆಯಲಿಲ್ಲ. ಕಂಪ್ಯೂಟರಿಗೆ ಇವರ ಮೇಲೆ ಏನು ದ್ವೇಷ, ಅದು ಯಾಕೆ ಸುಳ್ಳು ತೋರಿಸುತ್ತದೆ ಎಂಬ ಮಾತು ಮರುದಿನವೇ ಹುಟ್ಟಿಕೊಂಡಿತು. ಅದು ಊಹೆಯಷ್ಟೇ ಎಂದು ಸೊಸೆ ಅಂಗಡಿ ಅಂಗಡಿಗೆ ಹೋಗಿ ವಿವರಿಸಿದಳು. ಮಾವನ ಪರ ವಹಿಸುವ ಒಳ್ಳೆಯ ಸೊಸೆ ಎಂದು ಎಲ್ಲರೂ ಅವಳನ್ನು ಹೊಗಳಿದರೇ ಹೊರತು ಒಬ್ಬರೂ ನಂಬಲಿಲ್ಲ. ಮೊದಲ ಕುರ್ಚಿಯವರು ಅಂಗಡಿಯ ನಡುವೆ ಬೆನ್ನು ತಿರುಗಿಸಿ ನಿಂತು, ಈಗಲಾದರೂ ಹೋಲಿಸಿ ನೋಡಿ ಎಂದರು. ಸಿನಿಮಾದ ತಲೆಯಲ್ಲಿದ್ದದ್ದು ಪೊದೆ, ಈ ತಲೆಯಲ್ಲಿರುವುದು ಬಯಲು, ಹೋಲಿಸುವುದು ಏನನ್ನು ಎಂದು ಟೈಲರ್ ಕೇಳಿದ. ಅಡಿಪಾಯ ಅಲುಗಿದ ಮೇಲೆ ಮಿಕ್ಕ ಗೋಡೆಗಳು ನಿಲ್ಲುತ್ತವೆಯೇ? ರೈಲಿನ ಕಳ್ಳನ ಕಥೆಗೆ ಯಾರೋ ಕೆಮ್ಮಿದರು. ಕುಸ್ತಿಪಟುವಿನ ಮೀಸೆಗೆ ಯಾರೋ ಆಕಳಿಸಿದರು. ಅವಸರವಿಲ್ಲದವರೂ ಒಳಗಿನ ಕುರ್ಚಿಗೆ ಹೋಗಿ ಕೂರತೊಡಗಿದರು.

ಮೊದಲ ಕುರ್ಚಿಯವರು ಮಾತು ನಿಲ್ಲಿಸಿಬಿಟ್ಟರು. ಕತ್ತರಿಯ ಸದ್ದು ಬಿಟ್ಟರೆ ಅಂಗಡಿಯಲ್ಲಿ ಸದ್ದೇ ಇಲ್ಲ. ಮನೆಯಲ್ಲೂ ಅದೇ ಕಥೆ. ಊಟ ಸಪ್ಪೆ ಎಂದು ಕೂಡ ಹೇಳಲಿಲ್ಲ. ಇನ್ನೂ ನೋಡುತ್ತಿದ್ದೀರಾ ಎಂದು ಟಿವಿ ಕೇಳಿದಾಗ ಎದ್ದು ಒಳಗೆ ಹೋದರು. ಹೆಂಡತಿಗೆ ಮೊದಮೊದಲು ಕಿವಿಗೆ ಹಾಯೆನಿಸಿತ್ತು, ಆಮೇಲೆ ಜೀವ ತಡೆಯಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಬೈಯುತ್ತಾ ಬಂದ ಆ ಬಡಬಡಿಕೆ ನಿಂತುಹೋದರೆ ಬೈಯುವುದಾದರೂ ಯಾವುದನ್ನು?

"ಶೂಟಿಂಗ್ ದಿನ ಬೆಳಿಗ್ಗೆ ನಿಮಗೆ ಕಟಿಂಗ್ ಮಾಡಿದ್ದು ಅಣ್ಣ ತಾನೇ?" ಎಂದು ಆಕೆ ಕೇಳಿದರು. "ಅವನು ನೋಡಿ ಹೇಳಲಿ. ಅವನಿಗಿಂತ ಚೆನ್ನಾಗಿ ನಿಮ್ಮ ಹಿಂದಲೆ ಗೊತ್ತಿರೋರು ಯಾರಿದಾರೆ?"

ನಿಜವೇ. ಊರಿನ ಹಿಂದಲೆಗಳನ್ನೆಲ್ಲ ಬಲ್ಲ ಕ್ಷೌರಿಕನ ಕೈಗೆ ಎಟುಕದೆ ಇರುವುದು ಅವನ ಸ್ವಂತದ ಹಿಂದಲೆ ಒಂದೇ. ಹಾಗಾಗಿ ಭಾವಂದಿರಿಬ್ಬರೂ ಮೊದಲಿಂದ ಒಬ್ಬರಿಗೊಬ್ಬರು ಕಟಿಂಗ್ ಮಾಡಿಕೊಳ್ಳುತ್ತಾ ಬಂದವರು. ಈ ಸುಲಭದ ದಾರಿ ಹೊಳೆಯಲಿಲ್ಲವಲ್ಲ ಎಂದು ಮೊದಲ ಕುರ್ಚಿಯವರು ಚಪ್ಪಲಿಯನ್ನೂ ಮೆಟ್ಟದೆ ಕೆಳಗೆ ಓಡಿದರು.

ಎರಡನೇ ಕುರ್ಚಿಯವರು ಬೇಡವೆಂದರು. ಯಾಕೆಂದರೆ ಸುಮ್ಮನೆ ಬಿಟ್ಟುಬಿಡಿ ಎಂದರು. ನೀವೂ ನನ್ನನ್ನು ನಂಬುವುದಿಲ್ಲವೇ ಎಂದು ಮೊದಲ ಕುರ್ಚಿಯವರ ದನಿ ಒಡೆಯಿತು. ನಂಬುತ್ತೇನೆ, ಅದಕ್ಕೇ ಬೇಡವೆನ್ನುತ್ತಿದ್ದೇನೆ ಎಂದು ಅವರು ಒಗಟಿನಂತೆ ಹೇಳಿ ಕುಂಚ ತೊಳೆಯಲು ಹೋದರು. ಕೊನೆಗೆ ತಂಗಿಯೇ ಕೆಳಗಿಳಿದು ಬರಬೇಕಾಯಿತು. ನನ್ನ ಗಂಡ ಮಾತು ಬಿಟ್ಟು ಕೂತಿದ್ದಾರೆ, ನೀನೊಬ್ಬ ಬಾಯಿ ಬಿಟ್ಟರೆ ಅವರೂ ಬಿಡುತ್ತಾರೆ ಎಂದು ಆಕೆ ಕಣ್ಣೊರೆಸಿಕೊಂಡಾಗ ಅಣ್ಣ ಕರಗಿದರು.

ಆ ಸಂಜೆ ಅಂಗಡಿ ತುಂಬ ಜನ. ಸೊಸೆ ಅಂಗಡಿಯ ಟಿವಿಗೆ ಹೆಡ್‌ಸೆಟ್ ಜೋಡಿಸಿ, ಅತ್ತೆಯ ಅಣ್ಣನ ಕಣ್ಣಿಗೆ ಕಟ್ಟಿ, ಅವರನ್ನು ನೇರ ಟೀ ಅಂಗಡಿಯ ಮುಂದೆ ನಿಲ್ಲಿಸಿದಳು. ಎರಡನೇ ಕುರ್ಚಿಯವರು ಕೂಲಿಯನ್ನೂ ಮಾತಾಡಿಸಲಿಲ್ಲ, ನಾಯಕಿಯನ್ನೂ ನೋಡಲಿಲ್ಲ. ಜೀವಮಾನವೆಲ್ಲ ಎಲ್ಲಿ ನಿಂತಿದ್ದರೋ ಅಲ್ಲೇ, ಆ ಮನುಷ್ಯನ ಹಿಂದೆ ನಿಂತರು. ಎರಡು ಬೆರಳು ಚಾಚಿ, ಗಿರಾಕಿಯ ತಲೆಯನ್ನು ಬಾಗಿಸುವಂತೆ ಗಾಳಿಯನ್ನು ಮೆಲ್ಲಗೆ ಬಾಗಿಸಿದರು. ಕುತ್ತಿಗೆಯ ಮೇಲೆ, ಕಿವಿಯ ಹಿಂದೆ ಬೆರಳಾಡಿಸಿದರು. ಆಮೇಲೆ ಒಂದೇ ಮಾತು ಹೇಳಿದರು.

"ಇವರೇ."

ಮೊದಲ ಕುರ್ಚಿಯವರ ಎದೆ ಸೈಕಲ್ ಟ್ಯೂಬಿನಂತೆ ತುಂಬಿಕೊಂಡಿತು. ಇಷ್ಟು ದಿನ ಒಳಗೆ ಕೂಡಿಟ್ಟಿದ್ದ ಮಾತೆಲ್ಲ ಒಟ್ಟಿಗೆ ಹೊರಗೆ ನುಗ್ಗಿತು. ನಿರ್ದೇಶಕರು, ತಿರುಗಬೇಡ ಎಂದದ್ದು, ರೈಲು, ಕಳ್ಳ, ಕುಸ್ತಿಪಟು, ಎಲ್ಲ ಒಂದರ ಮೇಲೊಂದು ಬಿದ್ದುಕೊಂಡು ಬಂದವು. ಟೈಲರ್ ಕೈ ಅಡ್ಡ ಹಿಡಿದ. ಸಂಬಂಧಿಕರ ಸಾಕ್ಷಿ ನಡೆಯುವುದಿಲ್ಲ, ಬೆನ್ನು ಎಲ್ಲರದೂ ಒಂದೇ ಥರ, ಗುರುತು ಏನು ಎಂದು ಕೇಳಿದ. ಎರಡನೇ ಕುರ್ಚಿಯವರು ಹೆಡ್‌ಸೆಟ್ ಬಿಚ್ಚಿ ಕೆಳಗಿಟ್ಟು, ಇಷ್ಟು ಸಾಕು ಎಂದರು. ಸುಮ್ಮನಿರದವರು ಮೊದಲ ಕುರ್ಚಿಯವರೇ.

"ಹೇಳಿಬಿಡಿ ಭಾವ, ಹೆದರಿಕೆ ಯಾಕೆ? ಗುರುತು ಹೇಳಿ ಇವನ ಬಾಯಿ ಮುಚ್ಚಿಸಿ."

"ಎಡಗಡೆ ನೋಡಿ," ಎಂದರು ಎರಡನೇ ಕುರ್ಚಿಯವರು ನೆಲ ನೋಡುತ್ತಾ. "ಮುಗಿದಿದೆ. ಬಲಗಡೆ ನೋಡಿ."

ಸೊಸೆ ಚಿತ್ರವನ್ನು ದೊಡ್ಡದು ಮಾಡಿದಳು. ಟಿವಿಯ ತುಂಬ ಆ ಹಿಂದಲೆ. ಎಡಗಡೆ ಕತ್ತರಿ ಆಡಿಸಿದ ಗೆರೆ ನೂಲು ಹಿಡಿದಂತೆ ನೆಟ್ಟಗಿತ್ತು. ಬಲಗಡೆ ಕೂದಲು ಗುಪ್ಪೆಗುಪ್ಪೆಯಾಗಿ ಕಾಲರಿನ ಮೇಲೆ ಚೆಲ್ಲಿತ್ತು. ಒಂದೇ ತಲೆಯಲ್ಲಿ ಇಬ್ಬರು ಗಂಡಸರು!

"ಅರ್ಧ ಮಾಡಿದ್ದೆ, ಸಿನಿಮಾದವರ ವ್ಯಾನು ಹಾರ್ನ್ ಹೊಡೀತು. ಇವರು ಬಟ್ಟೆ ಕಿತ್ತು ಎಸೆದು ಓಡಿದ್ರು. ಬಲಗಡೆ ಬಾಕಿ ಇದೆ ಭಾವ, ಬಲಗಡೆ ಬಾಕಿ ಇದೆ ಅಂತ ಕತ್ತರಿ ಹಿಡ್ಕೊಂಡು ಸ್ಟೇಷನ್ ತನಕ ಕೂಗ್ತಾ ಹೋದೆ. ತಿರುಗಲೇ ಇಲ್ಲ."

ಮಾತು ಕಮ್ಮಿಯ ಮನುಷ್ಯ ಮಾತಿಗಿಳಿದರೆ ನಿಲ್ಲಿಸುವುದು ತಿಳಿಯದು. ಸಿನಿಮಾ ಮೊದಲು ಬಂದಾಗ ತಾವು ಒಬ್ಬರೇ ಹೋಗಿ ನೋಡಿ ಬಂದದ್ದನ್ನು ಅವರು ಹೇಳಿದರು. ಆಗ ಅದು ಮಬ್ಬಾಗಿತ್ತು, ಮೈಯೆಲ್ಲ ಕಣ್ಣಾದವನಿಗೆ ಮಾತ್ರ ಕಾಣುತ್ತಿತ್ತು. ಆಮೇಲೆ ಬಣ್ಣ ಬಳಿದರು, ಹಿಗ್ಗಿಸಿದರು, ಹತ್ತಿರ ತಂದರು. ಹೊಸದಾಗಿ ಬರುತ್ತದೆ ಎಂದಾಗಲೆಲ್ಲ ಅವರಿಗೆ ಜ್ವರ ಬಂದದ್ದು ಸುಳ್ಳಲ್ಲ. ಈ ತಲೆ ಮಾಡಿದ ಪುಣ್ಯಾತ್ಮ ಯಾರು ಎಂದು ಇವತ್ತು ಯಾರಾದರೂ ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಕಾದು ಕಾದು ಅವರಿಗೆ ಸಾಕಾಗಿ ಹೋಗಿತ್ತು.

ಮೊದಲ ಕುರ್ಚಿಯವರು ಟಿವಿಯನ್ನೇ ನೋಡುತ್ತಿದ್ದರು. ಇಷ್ಟು ವರ್ಷ, ಇಷ್ಟು ಬಿಡುಗಡೆ, ಅವರು ನೋಡಿದ್ದು ತಮ್ಮನ್ನು. ಕೂದಲನ್ನು ನೋಡಿದ್ದು ಇದೇ ಮೊದಲು. ಗಿರಾಕಿಯ ಕಿವಿಯ ಹಿಂದೆ ಒಂದೆಳೆ ಉಳಿದರೂ ಬೀದಿಯಿಂದ ವಾಪಸು ಕರೆದು ಕೂರಿಸುತ್ತಿದ್ದ ಮನುಷ್ಯ, ಅರ್ಧ ತಲೆ ಹೊತ್ತುಕೊಂಡು ದೇಶವೆಲ್ಲ ಸುತ್ತಿ ಬಂದಿದ್ದರು, ಬಣ್ಣದಲ್ಲಿ, ದೊಡ್ಡ ಪರದೆಯಲ್ಲಿ, ಹೊಸ ಸದ್ದಿನ ಸಮೇತ. ಅವರ ಕುರ್ಚಿಯಲ್ಲಿ ನೊರೆ ಬಳಿಸಿಕೊಂಡು ಕೂತಿದ್ದ ಗಿರಾಕಿ ಮೆಲ್ಲಗೆ ಕೈ ಹಿಂದೆ ಹಾಕಿ ತನ್ನ ಕುತ್ತಿಗೆಯ ಎರಡೂ ಕಡೆ ಸವರಿ ನೋಡಿಕೊಂಡ.

ಅದು ಮೊದಲ ಕುರ್ಚಿಯವರೇ ಎಂದು ಬೀದಿ ಒಮ್ಮತದಿಂದ ಒಪ್ಪಿತು. ಒಪ್ಪಿದ ಮೇಲೆ ನಗಲು ಶುರುಮಾಡಿತು. ಟೈಲರ್ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮೊದಲ ಕುರ್ಚಿಯವರು ಕ್ಷೀಣ ದನಿಯಲ್ಲಿ ಸೊಸೆಯನ್ನು ಕೇಳಿದರು, ಇಲ್ಲದ ಮುಖವನ್ನೇ ಅಂಟಿಸುವ ಕಂಪ್ಯೂಟರು ಬಲಗಡೆ ಸ್ವಲ್ಪ ಕತ್ತರಿ ಆಡಿಸಲಾರದೇ?

"ಆಡಿಸ್ತಾರೆ ಮಾವ, ಕಷ್ಟ ಏನಿಲ್ಲ," ಎಂದಳು ಸೊಸೆ. "ಇನ್ನೊಂದು ಸಲ ರಿಲೀಸ್ ಮಾಡಬೇಕಾಗುತ್ತೆ ಅಷ್ಟೆ."

ಬೇಡ ಎಂದು ಇಡೀ ಅಂಗಡಿ ಒಂದೇ ಬಾಯಲ್ಲಿ ಕೂಗಿತು.

ಆ ಗದ್ದಲದ ನಡುವೆ ಎರಡನೇ ಕುರ್ಚಿಯವರು ತಮ್ಮ ಕುರ್ಚಿಯನ್ನು ಒರೆಸಿದರು, ಬಿಳಿ ಬಟ್ಟೆಯನ್ನು ಕೊಡವಿದರು. "ಬನ್ನಿ ಭಾವ, ಕೂತ್ಕೊಳ್ಳಿ," ಎಂದರು. "ಅವತ್ತಿನದು ಇವತ್ತಾದ್ರೂ ಮುಗಿಸಿಬಿಡ್ತೀನಿ." ಮೊದಲ ಕುರ್ಚಿಯವರು ಬಂದು ಕೂತು, ತಾವೇ ತಲೆ ಬಾಗಿಸಿದರು. ಎರಡನೇ ಕುರ್ಚಿಯವರು ಬಟ್ಟೆ ಕಟ್ಟಿ, ನೀರು ಚಿಮುಕಿಸಿ, ಬಾಚಣಿಗೆ ಕತ್ತರಿ ಹಿಡಿದು ಬಲಗಡೆಗೆ ಬಂದರು. ಬಗ್ಗಿ ನೋಡಿದರು. ಎಡಗಡೆಗೆ ಹೋಗಿ ನೋಡಿದರು. ಮತ್ತೆ ಬಲಗಡೆಗೆ ಬಂದರು. ಕತ್ತರಿ ಗಾಳಿಯಲ್ಲಿ ಕಚಕ್ ಎಂದು ಒಂದು ಸಲ ಸದ್ದು ಮಾಡಿ ನಿಂತಿತು. ಅವರು ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, ಮೆತ್ತನೆಯ ಬ್ರಷ್ಷಿನಿಂದ ಭಾವನ ಹಿಂದಲೆಯನ್ನು ಒರೆಸಿದರು.

"ಬೇಡ ಬಿಡಿ ಭಾವ," ಎಂದರು. "ಈಗ ಎರಡೂ ಕಡೆ ಸಮ ಆಗಿದೆ."